ಎರಡನೇ ವರ್ಷದ ಲೆಕ್ಕ: ಹೈಸ್ಕೂಲಿನ ರೋಬೋಟಿಕ್ಸ್ ತಂಡಕ್ಕೆ ಯಾವ ಸ್ಪರ್ಧೆ, ಯಾರ ಹಣ?

ನಾನು ವಾರಕ್ಕೆರಡು ಸಂಜೆ ಹೋಗುವ ಹೈಸ್ಕೂಲಿನ ಪ್ರಯೋಗಾಲಯದ ಬೀರುವಿನಲ್ಲಿ ಎರಡು ದುಬಾರಿ ಕಿಟ್‌ಗಳ ಪೆಟ್ಟಿಗೆಗಳಿವೆ. ಯಾರೋ ಪುಣ್ಯಾತ್ಮರು ಕೊಟ್ಟದ್ದು. ಕೊಟ್ಟ ದಿನ ಹಾರ, ಶಾಲು, ಫೋಟೊ ಎಲ್ಲವೂ ಆಯಿತು. ಒಂದು ವರ್ಷ ಮಕ್ಕಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದರು. ಮರುವರ್ಷ ಒಂದರ ಬ್ಯಾಟರಿ ಚಾರ್ಜ್ ನಿಲ್ಲಿಸಿಕೊಳ್ಳದಾಯಿತು, ಇನ್ನೊಂದರ ಕೇಬಲ್ ಕಳೆಯಿತು. ಸ್ಪರ್ಧೆಯ ಶುಲ್ಕ ಯಾರು ಕಟ್ಟುವುದು ಎಂದು ಸಭೆಯಲ್ಲಿ ಕೇಳಿದಾಗ ಎಲ್ಲರೂ ಫ್ಯಾನ್ ನೋಡತೊಡಗಿದರು.

ಆರು ವರ್ಷ ಈ ಕೆಲಸಕ್ಕೆ ಕೈ ಹಾಕಿದ ಮೇಲೆ ನಾನು ಹೇಳಬಲ್ಲದ್ದು ಇಷ್ಟು: ಮೊದಲ ವರ್ಷದ ಹಣ ಹೇಗೋ ಹುಟ್ಟುತ್ತದೆ, ಎರಡನೇ ವರ್ಷದ್ದು ಹುಟ್ಟುವುದಿಲ್ಲ. ಆದ್ದರಿಂದ ಯಾವ ಸ್ಪರ್ಧೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ತಿರುಗಿಸಿ ಕೇಳುವ ಪ್ರಶ್ನೆಗಳು ಮೂರು. ಎರಡನೇ ವರ್ಷ ಅದಕ್ಕೆ ಎಷ್ಟು ಬೇಕು? ಯಾವ ತಿಂಗಳಲ್ಲಿ ನಡೆಯುತ್ತದೆ? ಸ್ಕ್ರೂಡ್ರೈವರ್ ಯಾರ ಕೈಯಲ್ಲಿ ಇರುತ್ತದೆ? ನಾನು ಬೆಂಗಳೂರಿನ ಪೀಣ್ಯದಲ್ಲಿ ಟೂಲ್ ಡಿಸೈನ್ ಮಾಡಿ ಬದುಕುವವನು, ಶಿಕ್ಷಕನಲ್ಲ. ಶಾಲೆ ಅನುದಾನಿತ, ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ ಪಡೆಯುವ ಶಾಲೆಯವರಿಗೆ ಇಲ್ಲಿನ ಕೆಲವು ಲೆಕ್ಕಗಳು ಜುಗ್ಗತನವೆನಿಸಬಹುದು.

ಕ್ಯಾಲೆಂಡರ್ ಮೊದಲು

ಸ್ಪರ್ಧೆಯ ನಿಯಮ ಪುಸ್ತಕ ತೆರೆಯುವ ಮೊದಲು ಶಾಲೆಯ ಗೋಡೆಯ ಕ್ಯಾಲೆಂಡರ್ ನೋಡಬೇಕು. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳು ಜೂನ್ ಹೊತ್ತಿಗೆ ಶುರುವಾಗುತ್ತವೆ. ಅಕ್ಟೋಬರ್ ಹೊತ್ತಿಗೆ ದಸರಾ ರಜೆ. ಜನವರಿ, ಫೆಬ್ರುವರಿಯಲ್ಲಿ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ, ಮಾರ್ಚ್‌ನಿಂದ ಮುಖ್ಯ ಪರೀಕ್ಷೆ. ಅಂದರೆ ಡಿಸೆಂಬರ್ ಮುಗಿದ ಮೇಲೆ ಹತ್ತನೇ ತರಗತಿಯ ಮಗುವನ್ನು ಪ್ರಯೋಗಾಲಯದಲ್ಲಿ ಇರಿಸಿಕೊಂಡರೆ ಅಮ್ಮಂದಿರು ನಿಮ್ಮನ್ನು ಗೇಟಿನಲ್ಲೇ ಹಿಡಿಯುತ್ತಾರೆ. ಅವರದ್ದು ತಪ್ಪೂ ಅಲ್ಲ.

ಈಗ ಸ್ಪರ್ಧೆಗಳನ್ನು ಇದರ ಮೇಲೆ ಇಟ್ಟು ನೋಡಿ. ವರ್ಲ್ಡ್ ರೋಬೋಟ್ ಒಲಿಂಪಿಯಾಡ್, ಅಂದರೆ ಡಬ್ಲ್ಯುಆರ್‌ಒ, ವರ್ಷದ ಆರಂಭದಲ್ಲೇ ಸವಾಲನ್ನು ಪ್ರಕಟಿಸುತ್ತದೆ. ದೇಶದೊಳಗಿನ ಸುತ್ತುಗಳು ಮುಗಿದು ಸಾಮಾನ್ಯವಾಗಿ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಫೈನಲ್. ಮುಂದಿನ ಮೂರೂ ಅಮೆರಿಕದ 'ಫಸ್ಟ್' ಎಂಬ ಸಂಸ್ಥೆಯವು. ಫಸ್ಟ್ ಲೆಗೊ ಲೀಗ್ ಆಗಸ್ಟ್ ಹೊತ್ತಿಗೆ ಆರಂಭವಾಗಿ ಮರುವರ್ಷಕ್ಕೆ ಹಾಯುತ್ತದೆ. ಫಸ್ಟ್ ಟೆಕ್ ಚಾಲೆಂಜ್‌ನ ಆಟ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಗುತ್ತದೆ. ಇನ್ನು ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್, ಎಲ್ಲಕ್ಕಿಂತ ದೊಡ್ಡದು, ಜನವರಿಯ ಆರಂಭದಲ್ಲಿ ಶುರು. ನಮ್ಮ ಶಾಲೆಗೆ ಅದನ್ನು ಪರಿಗಣಿಸಬೇಕಾದ ಅಗತ್ಯ ಅಲ್ಲಿಗೇ ಮುಗಿಯುತ್ತದೆ.

ಯಾವುದನ್ನು ಆರಿಸಿದರೂ ತಂಡದ ಬೆನ್ನೆಲುಬು ಒಂಬತ್ತನೇ ತರಗತಿಯವರಾಗಲಿ. ಎಂಟನೆಯವರು ಜೊತೆಗಿದ್ದು ಕಲಿಯಲಿ. ಹತ್ತನೆಯವರು ದಸರಾ ತನಕ ಕಿರಿಯರಿಗೆ ಹೇಳಿಕೊಡಲಿ, ಆಮೇಲೆ ಬಿಟ್ಟುಬಿಡಿ. ಮೊದಲ ವರ್ಷ ಪೂರ್ತಿ ತಂಡವನ್ನು ಹತ್ತನೇ ತರಗತಿಯಿಂದಲೇ ಕಟ್ಟಿ, ಮರುವರ್ಷ ಜೂನ್‌ನಲ್ಲಿ ಖಾಲಿ ಕೋಣೆಯಲ್ಲಿ ನಿಂತವನು ನಾನು.

ಹತ್ತು ಮಕ್ಕಳೋ, ಮೂರು ಮಕ್ಕಳೋ

ಲೆಗೊ ಲೀಗ್ ಮತ್ತು ಡಬ್ಲ್ಯುಆರ್‌ಒ, ಈ ಎರಡರ ನಡುವೆಯೇ ಹೆಚ್ಚಿನ ಶಾಲೆಗಳು ತೂಗಾಡುವುದು. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ: ಮೇಜು, ಅದರ ಮೇಲೆ ಚಿತ್ರಿಸಿದ ಹಾಸು, ತಾನಾಗಿಯೇ ಓಡುವ ಪುಟ್ಟ ರೋಬೋಟ್. ವ್ಯತ್ಯಾಸ ಇರುವುದು ತಲೆಎಣಿಕೆಯಲ್ಲಿ.

ಲೆಗೊ ಲೀಗ್‌ನ ಚಾಲೆಂಜ್ ವಿಭಾಗದಲ್ಲಿ ಒಂದು ತಂಡಕ್ಕೆ ಎರಡರಿಂದ ಹತ್ತು ಮಕ್ಕಳು. ನಮ್ಮ ಕಡೆ ವಯಸ್ಸು 9ರಿಂದ 16. ರೋಬೋಟ್ ಓಡುವುದು ಎರಡೂವರೆ ನಿಮಿಷ. ಆದರೆ ಅಂಕಗಳ ದೊಡ್ಡ ಪಾಲು ತೀರ್ಪುಗಾರರ ಕೋಣೆಯಲ್ಲಿ ಸಿಗುತ್ತದೆ. ರೋಬೋಟನ್ನು ಹೀಗೇಕೆ ಕಟ್ಟಿದಿರಿ, ಆ ವರ್ಷದ ವಿಷಯದ ಮೇಲೆ ಯಾವ ಸಮಸ್ಯೆ ಹುಡುಕಿ ಏನು ಪರಿಹಾರ ಯೋಚಿಸಿದಿರಿ, ತಂಡವಾಗಿ ಹೇಗೆ ನಡೆದುಕೊಂಡಿರಿ, ಇವೆಲ್ಲಕ್ಕೂ ಮಕ್ಕಳೇ ಉತ್ತರಿಸಬೇಕು. ಪ್ರೋಗ್ರಾಂ ಬರೆಯಲು ಬಾರದ, ಆದರೆ ಮಾತು ಬಲ್ಲ, ಚಿತ್ರ ಬಲ್ಲ, ಅಂಗಡಿಗೆ ಹೋಗಿ ನಾಲ್ಕು ಪ್ರಶ್ನೆ ಕೇಳಬಲ್ಲ ಮಗುವಿಗೂ ಇಲ್ಲಿ ಜಾಗವಿದೆ. ಒಂದು ಕಿಟ್, ಒಂದು ಶುಲ್ಕ, ಹತ್ತು ಮಕ್ಕಳು. ತಲಾವಾರು ಭಾಗಿಸಿದರೆ ದುಬಾರಿಯೆನಿಸಿದ್ದು ಅಗ್ಗವಾಗುತ್ತದೆ. ತೊಡಕೆಂದರೆ ರೋಬೋಟಿಗೆ ಲೆಗೊ ಬಿಟ್ಟು ಬೇರೆ ಬಿಡಿಭಾಗ ಬಳಸುವಂತಿಲ್ಲ. ಪ್ರತಿವರ್ಷ ಹೊಸ ಹಾಸು, ಹೊಸ ಮಾದರಿಗಳ ಪೆಟ್ಟಿಗೆ ಕೊಳ್ಳಬೇಕು. ಮೈಂಡ್‌ಸ್ಟಾರ್ಮ್ಸ್ ಎಂಬ ತನ್ನ ರೋಬೋಟ್ ಕಿಟ್‌ಗಳ ಸರಣಿಯನ್ನು ಲೆಗೊ 2022ರ ಕೊನೆಗೆ ನಿಲ್ಲಿಸಿದ್ದನ್ನು ನೆನಪಿಡಿ. ಹಳೆಯ ಕಿಟ್ ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ಅದರ ಬ್ಯಾಟರಿ ಮುಂದೆಯೂ ಸಿಗುತ್ತದೆಯೇ ವಿಚಾರಿಸಿ.

ಡಬ್ಲ್ಯುಆರ್‌ಒ 2004ರಲ್ಲಿ ಸಿಂಗಪುರದಲ್ಲಿ ಶುರುವಾದದ್ದು. 2016ರ ಅಂತರರಾಷ್ಟ್ರೀಯ ಫೈನಲ್ ದೆಹಲಿಯ ಮಗ್ಗುಲಲ್ಲೇ ನಡೆದಿತ್ತು. ಇಲ್ಲಿ ತಂಡಕ್ಕೆ ಎರಡು ಅಥವಾ ಮೂರು ಮಕ್ಕಳು ಮಾತ್ರ. ರೋಬೋಮಿಷನ್ ವಿಭಾಗದಲ್ಲಿ ಸ್ಪರ್ಧೆಯ ದಿನ ಬೆಳಿಗ್ಗೆ ಒಂದು ಅನಿರೀಕ್ಷಿತ ನಿಯಮವನ್ನು ಸೇರಿಸುತ್ತಾರೆ. ಕೋಚ್ ಹೊರಗೆ ನಿಲ್ಲಬೇಕು. ಮನೆಯಲ್ಲಿ ಅಪ್ಪ ಬರೆದುಕೊಟ್ಟ ಪ್ರೋಗ್ರಾಂ ಎಷ್ಟು ಗಟ್ಟಿ ಎಂಬುದು ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ. ನನಗೆ ಈ ಸ್ಪರ್ಧೆ ಇಷ್ಟವಾಗುವುದು ಇದಕ್ಕೇ. ಆದರೆ ನಿಮ್ಮ ಶಾಲೆಯಲ್ಲಿ ಮೂವತ್ತು ಮಕ್ಕಳು ಕೈ ಎತ್ತಿದರೆ ಏನು ಮಾಡುತ್ತೀರಿ? ಹತ್ತು ತಂಡ, ಹತ್ತು ಕಿಟ್, ಹತ್ತು ಶುಲ್ಕ. ಇಲ್ಲವಾದರೆ ಮೂವರನ್ನು ಆರಿಸಿ ಇಪ್ಪತ್ತೇಳು ಮಂದಿಯನ್ನು ಮನೆಗೆ ಕಳಿಸಬೇಕು. ಹಾಗೆ ಕಳಿಸಿದವರಲ್ಲಿ ಒಬ್ಬಳು, ಮರುವರ್ಷ ನಮ್ಮಲ್ಲೇ ಅತ್ಯಂತ ಚೊಕ್ಕವಾಗಿ ಬೆಸುಗೆ ಹಾಕುವವಳಾದಳು. ಅವಳು ಹಟ ಹಿಡಿದು ಮತ್ತೆ ಬಂದದ್ದರಿಂದ ನಮಗೆ ದಕ್ಕಿದಳು, ಅಷ್ಟೇ.

ಅದೇ ಡಬ್ಲ್ಯುಆರ್‌ಒದ ಫ್ಯೂಚರ್ ಎಂಜಿನಿಯರ್ಸ್ ವಿಭಾಗ ಬೇರೆಯದೇ ಜಾತಿ. ಅದು ಪುಟ್ಟ ಸ್ವಯಂಚಾಲಿತ ಕಾರು. ಕಾರಿನಂತೆಯೇ ಸ್ಟಿಯರಿಂಗ್ ಇರಬೇಕು. ಎರಡು ಚಕ್ರಕ್ಕೆ ಎರಡು ಮೋಟರ್ ಕಟ್ಟಿ ವೇಗದ ವ್ಯತ್ಯಾಸದಿಂದ ತಿರುಗಿಸುವ ಜಾಣತನ ನಡೆಯುವುದಿಲ್ಲ. ಮೂರು ಸುತ್ತು ಹಾಕಬೇಕು, ದಾರಿಯಲ್ಲಿ ಕೆಂಪು ಕಂಬ ಕಂಡರೆ ಬಲಬದಿಯಿಂದ, ಹಸಿರು ಕಂಡರೆ ಎಡಬದಿಯಿಂದ ಸಾಗಬೇಕು. ಕ್ಯಾಮೆರಾ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಹೇಳಿದಷ್ಟೇ ಕೋನ ತಿರುಗುವ ಸರ್ವೊ ಮೋಟರ್ ಹೀಗೆ ಬೇಕಾದದ್ದೆಲ್ಲ ಬಿಡಿಯಾಗಿ ಕೊಳ್ಳಬಹುದು. ಒಂದೇ ಕಂಪನಿಯ ಕಿಟ್ಟಿಗೆ ಜುಟ್ಟು ಕೊಡಬೇಕಿಲ್ಲ. ಇಡೀ ಕೆಲಸದ ದಾಖಲೆಯನ್ನು ಪ್ರೋಗ್ರಾಂಗಳನ್ನು ಇಡುವ ಗಿಟ್‌ಹಬ್ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕಾಗಿರುವುದು ನಮ್ಮ ಮಕ್ಕಳಿಗೆ ಕಾರಿಗಿಂತ ಕಷ್ಟ. ನಾವು ಕಂಡುಕೊಂಡ ದಾರಿ: ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಣ, ಆಮೇಲೆ ಅದನ್ನು ಕೇಳಿಕೊಂಡು ಬರಹ. ಹೇಳಲು ಬಾರದ್ದನ್ನು ಬರೆಯಲೂ ಬಾರದು ಎಂಬುದು ಆಗ ಅವರಿಗೇ ತಿಳಿಯುತ್ತದೆ, ಹೋಗಿ ಮತ್ತೆ ಸರ್ಕಿಟ್ ನೋಡಿ ಬರುತ್ತಾರೆ.

ದೊಡ್ಡ ರೋಬೋಟ್, ದೊಡ್ಡ ಕೋಣೆ

ಫಸ್ಟ್ ಟೆಕ್ ಚಾಲೆಂಜ್ ನೋಡಿದ ಯಾವ ಮಗುವೂ ಲೆಗೊ ಕಡೆ ತಿರುಗಿ ನೋಡುವುದಿಲ್ಲ. 18 ಇಂಚಿನ ಘನದೊಳಗೆ ಕೂರುವ ಲೋಹದ ರೋಬೋಟ್, ಎರಡು ತಂಡ ಒಂದು ಕಡೆ, ಎರಡು ತಂಡ ಇನ್ನೊಂದು ಕಡೆ. ಮೊದಲ 30 ಸೆಕೆಂಡ್ ತಾನಾಗಿಯೇ, ಉಳಿದ ಎರಡು ನಿಮಿಷ ಮಕ್ಕಳ ಕೈಯ ರಿಮೋಟ್‌ನಿಂದ. ತಂಡದಲ್ಲಿ 15 ಮಂದಿ ತನಕ ಇರಬಹುದು. ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಾರೆ, ಕೆಲಸದ ಕಥೆಯನ್ನು 15 ಪುಟಗಳಲ್ಲಿ ಅಡಕಗೊಳಿಸುತ್ತಾರೆ. ಕಲಿಕೆಯ ಮಟ್ಟಿಗೆ ಇದಕ್ಕಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ.

ಆದರೆ ಮೈದಾನ 12 ಅಡಿ ಚೌಕ. ಎರಡಡಿ ಚೌಕದ 36 ಫೋಮ್ ಹಲಗೆ ಜೋಡಿಸಬೇಕು. ತರಗತಿಯಲ್ಲಿ ಹಾಸಬೇಕೆಂದರೆ ಸಂಜೆ ನಾಲ್ಕಕ್ಕೆ ಬೆಂಚು ಎತ್ತಿ, ಏಳಕ್ಕೆ ಮತ್ತೆ ಇಟ್ಟು ಹೋಗಬೇಕು. ಕಾವಲುಗಾರನ ಮುಖ ನೋಡಿಕೊಂಡು. ನಿಯಂತ್ರಣದ ಹಬ್, ನಿಯಮ ಒಪ್ಪುವ ಮೋಟರ್‌ಗಳು ವಿದೇಶದಿಂದ ಬರುವಂಥವು, ಅಂದರೆ ಬೆಲೆಯ ಮೇಲೆ ಸಾಗಣೆ, ಅದರ ಮೇಲೆ ಕಸ್ಟಮ್ಸ್, ಜಿಎಸ್‌ಟಿ. ಒಂದು ಸರ್ವೊ ಸುಟ್ಟರೆ ಹದಿನೈದು ದಿನ ಕಾಯುವ ಪಾಡು. ಪಯಣದ ಖರ್ಚು ಬೇರೆ. ವರ್ಷಕ್ಕೆ ಲಕ್ಷಗಳಲ್ಲಿ ಮಾತಾಡುವ, ಮತ್ತು ಮೂರು ವರ್ಷಕ್ಕೆ ಬರವಣಿಗೆಯಲ್ಲಿ ಮಾತು ಕೊಡುವ ಪೋಷಕ ಸಂಸ್ಥೆ ಇದ್ದರಷ್ಟೇ ಇದಕ್ಕೆ ಇಳಿಯಿರಿ. ವೆಕ್ಸ್ ವಿ5 ಎಂಬ ಇನ್ನೊಂದು ಸ್ಪರ್ಧೆ ಕೂಡ ಹೆಚ್ಚುಕಡಿಮೆ ಇದೇ ಅಳತೆಯದ್ದು, ಇದೇ ಲೆಕ್ಕ.

ಜನವರಿಯಲ್ಲಿ ಶುರುವಾಗುವ ಆ ಅತಿ ದೊಡ್ಡ ಸ್ಪರ್ಧೆಯ ನೋಂದಣಿಯೊಂದೇ ಸುಮಾರು 6,000 ಡಾಲರ್. ಅದರ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಆರು ಕಿಲೋ ಹತ್ತಿರ ತೂಗುತ್ತದೆ. ಓದಿ ಸಂತೋಷಪಡಿ.

ಎಸ್.ಪಿ. ರಸ್ತೆಯ ದಾರಿ

ಇನ್ನೊಂದು ಆಯ್ಕೆಯನ್ನು ಯಾರೂ ಆಯ್ಕೆಯೆಂದು ಎಣಿಸುವುದಿಲ್ಲ: ಮೊದಲ ವರ್ಷ ಯಾವ ದೊಡ್ಡ ಸ್ಪರ್ಧೆಗೂ ಹೋಗದೆ, ಬಿಡಿಭಾಗ ಕೊಂಡು ನೆಲದ ಗೆರೆ ಹಿಂಬಾಲಿಸುವ ರೋಬೋಟ್ ಕಟ್ಟುವುದು. ಪ್ರೋಗ್ರಾಂ ಓಡಿಸಲು ಆರ್ಡುಯಿನೊ ಊನೊ ಮಾದರಿಯ ಬೋರ್ಡ್, ಹಳದಿ ಬಣ್ಣದ ಎರಡು ಬಿಒ ಮೋಟರ್, ಮೋಟರಿಗೆ ಕರೆಂಟ್ ಕೊಡುವ ಎಲ್298ಎನ್ ಡ್ರೈವರ್, ಗೆರೆ ಗುರುತಿಸುವ ಎರಡು ಐಆರ್ ಸೆನ್ಸರ್, ಮತ್ತೆ ಮತ್ತೆ ಚಾರ್ಜ್ ಆಗುವ ಎರಡು 18650 ಸೆಲ್, ಚಾರ್ಜರ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. (ಸದರ್ ಪತ್ರಪ್ಪ) ರಸ್ತೆಯಲ್ಲಿ ನಾವು ಕಳೆದ ಸಲ ಕೊಂಡಾಗ ಒಂದು ರೋಬೋಟಿಗೆ ಒಂದೂವರೆ ಸಾವಿರ ರೂಪಾಯಿಯೊಳಗೆ ಮುಗಿಯಿತು. ಎಂಟು ರೋಬೋಟ್, 24 ಮಕ್ಕಳು. ಕಪ್ಪು ಟೇಪಿನ ಗೆರೆ ಅಂಟಿಸಿದ ಫ್ಲೆಕ್ಸ್ ಬ್ಯಾನರಿನ ಹಿಂಬದಿಯೇ ನಮ್ಮ ಅಖಾಡ. ಪಕ್ಕದ ಎರಡು ಶಾಲೆಯವರನ್ನು ಕರೆದರೆ ಅದೇ ಪಂದ್ಯಾವಳಿ.

ಅಗ್ಗದ ಸಾಮಾನು ಕೈಕೊಡುತ್ತದೆ, ನಿಜ. ಆದರೆ ಕೈಕೊಡುವ ರೀತಿ ಕಣ್ಣಿಗೆ ಕಾಣುತ್ತದೆ. ಒಂದು ಸಂಜೆ ಒಬ್ಬ ಹುಡುಗ ಮಲ್ಟಿಮೀಟರ್ ಹಿಡಿದು ಬಂದ. ಬ್ಯಾಟರಿಯಲ್ಲಿ 7.4 ವೋಲ್ಟ್ ಇದೆ, ಮೋಟರಿಗೆ 5.5 ಮಾತ್ರ ಬರುತ್ತಿದೆ, ಉಳಿದದ್ದು ಎಲ್ಲಿ ಹೋಯಿತು ಸರ್ ಎಂದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹುಡುಗಿ ಡ್ರೈವರ್‌ನ ಕಪ್ಪು ಲೋಹದ ರೆಕ್ಕೆಯನ್ನು ಮುಟ್ಟಿ, ತಟ್ಟನೆ ಬೆರಳು ಹಿಂದೆಳೆದುಕೊಂಡು, 'ಇಲ್ಲಿದೆ' ಎಂದಳು. ಎಲ್298ಎನ್ ಹಳೆಯ ಕಾಲದ ಟ್ರಾನ್ಸಿಸ್ಟರ್ ಚಿಪ್. ಎರಡು ವೋಲ್ಟಿನಷ್ಟನ್ನು ಶಾಖವಾಗಿ ತಿಂದುಬಿಡುತ್ತದೆ. ಮರುವಾರ ಮಕ್ಕಳೇ ಹುಡುಕಿ, ಅಷ್ಟೊಂದು ತಿನ್ನದ ಮಾಸ್‌ಫೆಟ್ ಬಗೆಯ ಟ್ರಾನ್ಸಿಸ್ಟರ್ ಬಳಸುವ ಟಿಬಿ6612 ಡ್ರೈವರ್ ಬೋರ್ಡ್ ಬೇಕೆಂದು ಪಟ್ಟಿ ತಂದರು. ದುಬಾರಿ ಕಿಟ್‌ನ ಮುಚ್ಚಿದ ಪೆಟ್ಟಿಗೆಯೊಳಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಹಾಗೆಂದು ವರ್ಷಗಟ್ಟಲೆ ಗೆರೆ ಹಿಂಬಾಲಿಸುತ್ತ ಕೂತರೆ ಮಕ್ಕಳಿಗೆ ಬೇಸರ ಬರುತ್ತದೆ. ಒಂದು ವರ್ಷ ಇದು, ಮರುವರ್ಷ ಉಳಿದವರಿಂದ ಫ್ಯೂಚರ್ ಎಂಜಿನಿಯರ್ಸ್ ತಂಡ. ಅದೇ ಸೆಲ್, ಅದೇ ಬೆಸುಗೆ ಕಡ್ಡಿ ಮುಂದುವರಿಯುತ್ತವೆ.

ಕಲಿಸುವವರು ಯಾರು

ಶಾಲೆಗೆ ಬಂದು ತರಬೇತಿ ಕೊಡುವ ಕಂಪನಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಕಿಟ್, ಪಠ್ಯ, ತರಬೇತುದಾರ ಎಲ್ಲ ಒಟ್ಟಿಗೆ ಬರುವುದರಿಂದ ಆಡಳಿತ ಮಂಡಳಿಗೆ ತಲೆನೋವಿಲ್ಲ. ನಾವೂ ಒಂದು ವರ್ಷ ಹಾಗೆ ಮಾಡಿದೆವು. ಸ್ಪರ್ಧೆಯಲ್ಲಿ ತೀರ್ಪುಗಾರರು ನಮ್ಮ ಹುಡುಗನನ್ನು ಕೇಳಿದ್ದು ತೀರಾ ಸರಳ: ಇಲ್ಲಿ ಚಿಕ್ಕ ಗೇರ್ ಬಿಟ್ಟು ದೊಡ್ಡದನ್ನು ಏಕೆ ಹಾಕಿದೆ? ಅವನು ತರಬೇತುದಾರನ ಮುಖ ನೋಡಿದ. ತರಬೇತುದಾರ ನೆಲ ನೋಡಿದ. ಪಾಪ, ತಿಂಗಳಲ್ಲಿ ಆರು ಶಾಲೆ ಸುತ್ತುವವನು ಅವನು, ಹಿಂದಿನ ರಾತ್ರಿ ತಾನೇ ಜೋಡಿಸಿಕೊಟ್ಟಿದ್ದ.

ಶಾಲೆಯ ವಿಜ್ಞಾನ ಶಿಕ್ಷಕಿ ಉಸ್ತುವಾರಿ, ಹತ್ತಿರದ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಕೈಕೆಲಸಕ್ಕೆ: ನಮಗೆ ಹೊಂದಿದ ಜೋಡಿ ಇದು. ವಿದ್ಯಾರ್ಥಿಗಳಿಗೆ ಬಸ್ ಖರ್ಚು ಮತ್ತು ಅನುಭವ ಪತ್ರ ಕೊಡಿ. ಅವರ ಸೆಮಿಸ್ಟರ್ ಪರೀಕ್ಷೆಯ ವಾರಗಳನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಶಿಕ್ಷಕಿಗೆ ಪ್ರೋಗ್ರಾಮಿಂಗ್ ಬರಬೇಕೆಂದೇನೂ ಇಲ್ಲ, ಆದರೆ ಆಕೆಯ ವಾರದ ಪಿರಿಯಡ್‌ಗಳಲ್ಲಿ ಎರಡನ್ನು ಮುಖ್ಯಶಿಕ್ಷಕರು ಕಡಿಮೆ ಮಾಡಲೇಬೇಕು. ಇದನ್ನು ಕೇಳಿ ಪಡೆಯುವುದು ಹಣ ಕೇಳುವುದಕ್ಕಿಂತ ಕಷ್ಟ.

ಯಾರ ಜೇಬು

ಅಟಲ್ ಟಿಂಕರಿಂಗ್ ಲ್ಯಾಬ್ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ 2016ರಲ್ಲಿ ಶುರು ಮಾಡಿದ ಯೋಜನೆ. ಒಂದು ಶಾಲೆಗೆ 20 ಲಕ್ಷ ರೂಪಾಯಿ ತನಕ, ಅದರಲ್ಲಿ 10 ಲಕ್ಷ ಸ್ಥಾಪನೆಗೆ, ಉಳಿದದ್ದು ಐದು ವರ್ಷದ ನಿರ್ವಹಣೆಗೆ. ನಾನು ಕಂಡ ಹಣಗಳಲ್ಲಿ ಎರಡನೇ ವರ್ಷವನ್ನು ತಾನಾಗಿಯೇ ನೆನಪಿಟ್ಟುಕೊಂಡದ್ದು ಇದೊಂದೇ. 2025ರ ಕೇಂದ್ರ ಬಜೆಟ್ ಸರ್ಕಾರಿ ಶಾಲೆಗಳಲ್ಲಿ ಐದು ವರ್ಷಕ್ಕೆ ಇನ್ನೂ 50,000 ಲ್ಯಾಬ್ ಎಂದು ಘೋಷಿಸಿತು. ನಿಮ್ಮದು ಸರ್ಕಾರಿ ಶಾಲೆಯಾದರೆ ಈ ಬಾಗಿಲನ್ನು ಮೊದಲು ತಟ್ಟಿ. ಬಳಕೆ ಪ್ರಮಾಣಪತ್ರ ಸಮಯಕ್ಕೆ ಕಳಿಸದಿದ್ದರೆ ಮುಂದಿನ ಕಂತು ನಿಲ್ಲುತ್ತದೆ, ಆದ್ದರಿಂದ ಬಿಲ್ಲು ಜೋಪಾನ ಮಾಡುವ ಗುಮಾಸ್ತರು ನಿಮ್ಮ ತಂಡದ ಅತಿಮುಖ್ಯ ಸದಸ್ಯರು.

ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ, ಎಂದರೆ ಬೆಂಗಳೂರಿನಲ್ಲಿ ಹಣದ ಹೊಳೆ ಎಂಬ ಭ್ರಮೆ ಇದೆ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಗಾತ್ರ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಿಕ್ಷಣವೂ ಆ ಪಟ್ಟಿಯಲ್ಲಿದೆ. ಆದರೆ ಕೆಲಸವನ್ನು ನಿಮ್ಮ ಟ್ರಸ್ಟ್ ಮೂಲಕ ಮಾಡಿಸಬೇಕಾದರೆ ಟ್ರಸ್ಟಿಗೆ ಸಿಎಸ್‌ಆರ್-1 ನೋಂದಣಿ ಇರಬೇಕು. ಇನ್ನೊಂದು ಸೂಕ್ಷ್ಮವನ್ನು ನಾವು ಪೆಟ್ಟು ತಿಂದು ಕಲಿತೆವು. ಟೀ ಶರ್ಟಿನ ಮೇಲೆ ನಿಮ್ಮ ಲಾಂಛನ ಹಾಕುತ್ತೇವೆ, ವೇದಿಕೆಯಲ್ಲಿ ಹೆಸರು ಹೇಳುತ್ತೇವೆ ಎಂದು ಸಿಎಸ್‌ಆರ್ ವಿಭಾಗಕ್ಕೆ ಬರೆದೆವು. ಪತ್ರ ಅಲ್ಲಿಗೇ ಸತ್ತಿತು. ಪ್ರಚಾರದ ಲಾಭಕ್ಕಾಗಿ ಕೊಡುವ ಪ್ರಾಯೋಜಕತ್ವವನ್ನು ನಿಯಮ ಸಿಎಸ್‌ಆರ್ ಎಂದು ಒಪ್ಪುವುದಿಲ್ಲ. ಲಾಂಛನದ ಮಾತು ಮಾರ್ಕೆಟಿಂಗ್ ವಿಭಾಗದವರಿಗೆ. ಸಿಎಸ್‌ಆರ್‌ನವರಿಗೆ ಎಷ್ಟು ಮಕ್ಕಳು, ಯಾವ ಶಾಲೆ, ಎಷ್ಟು ವರ್ಷ ಎಂಬ ಮಾತು. ಎರಡು ಬೇರೆ ಪತ್ರ, ಎರಡು ಬೇರೆ ಮೇಜು.

ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಗಳು ಉತ್ಸಾಹದಿಂದ ಮುಂದೆ ಬರುತ್ತಾರೆ. ಅಲ್ಲಿನ ಪೌರತ್ವ ಪಡೆದವರ ಹಣ ವಿದೇಶಿ ದೇಣಿಗೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ದುಡಿಯುತ್ತಿರುವವರು ಬ್ಯಾಂಕ್ ಮೂಲಕ ಕಳಿಸಿದರೆ ಆ ತೊಡಕಿಲ್ಲ. ಕೇಳಲು ಮುಜುಗರವಾದರೂ ಕೇಳಿಯೇ ತೆಗೆದುಕೊಳ್ಳಿ.

ಪಾಲಕರಿಂದ ವಂತಿಗೆ ಎತ್ತುವುದಾದರೆ ಎಲ್ಲರಿಗೂ ಒಂದೇ ಮೊತ್ತ ಬೇಡ. ನಾವು ಮುಚ್ಚಿದ ಲಕೋಟೆ ಇಡುತ್ತೇವೆ. ಐನೂರು ಹಾಕುವವರಿದ್ದಾರೆ, ಐವತ್ತು ಹಾಕುವವರಿದ್ದಾರೆ. ಯಾರೆಂದು ಮಕ್ಕಳಿಗೆ ತಿಳಿಯದು.

ನನಗೆ ಎಲ್ಲಕ್ಕಿಂತ ನಂಬಿಕೆಯಿರುವುದು ಪೀಣ್ಯದ ಸಣ್ಣ ಕಾರ್ಖಾನೆಗಳ ಮೇಲೆ. ಅವರು ಚೆಕ್ ಬರೆಯುವುದಿಲ್ಲ. ನಮಗೆ ಅಲ್ಯೂಮಿನಿಯಂ ಹಾಳೆಯ ತುಂಡುಗಳನ್ನು ಕೊಡುವ ಮಾಲೀಕರು ಮೊದಲ ದಿನವೇ ಹೇಳಿದ್ದರು: ದುಡ್ಡು ಕೇಳಬೇಡಿ, ಶನಿವಾರ ಮೂರು ಗಂಟೆಯ ಮೇಲೆ ಲೇಸರ್ ಕಟಿಂಗ್ ಯಂತ್ರ ಖಾಲಿ ಇರುತ್ತದೆ, ಡ್ರಾಯಿಂಗ್ ತನ್ನಿ. ಡ್ರಾಯಿಂಗ್‌ನಲ್ಲಿ ಅಳತೆ ತಪ್ಪಿದ್ದರೆ ಅವರ ಆಪರೇಟರ್ ಮಕ್ಕಳನ್ನು ವಾಪಸ್ ಕಳಿಸುತ್ತಾನೆ, ಯಾವ ತರಬೇತಿ ಕಂಪನಿಯೂ ಕಲಿಸದಷ್ಟು ಚೆನ್ನಾಗಿ. ಆಯುಧಪೂಜೆಗೆ ನಮ್ಮ ರೋಬೋಟನ್ನೂ ಅಲ್ಲಿಗೆ ಒಯ್ಯುತ್ತೇವೆ. ಲೇತ್ ಪಕ್ಕದಲ್ಲಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು. ಒಂದು ವರ್ಷ ಅರ್ಚಕರು ಧಾರಾಳವಾಗಿ ಹಚ್ಚಿದ ಕುಂಕುಮ ಬಣ್ಣ ಗುರುತಿಸುವ ಸೆನ್ಸರ್ ಮೇಲೂ ಬಿದ್ದಿತ್ತು. ರಜೆ ಮುಗಿದ ಮೇಲೆ ರೋಬೋಟ್ ಎಲ್ಲಿ ನೋಡಿದರೂ ಕೆಂಪು ಎಂದು ನಿಂತುಬಿಡುತ್ತಿತ್ತು. ಎರಡು ಸಂಜೆ ಪ್ರೋಗ್ರಾಂ ತಿದ್ದಿದ ಮೇಲೆ ಯಾರಿಗೋ ಮೂತಿ ಒರೆಸಬೇಕೆಂದು ಹೊಳೆಯಿತು.

ನಾನು ಆರಿಸುವುದಾದರೆ

ಹೊಸದಾಗಿ ಶುರು ಮಾಡುವ, ಶುಲ್ಕ ಕಡಿಮೆ ಇರುವ ಶಾಲೆ: ಮೊದಲ ವರ್ಷ ಎಸ್.ಪಿ. ರಸ್ತೆ, ಎರಡನೇ ವರ್ಷ ಫ್ಯೂಚರ್ ಎಂಜಿನಿಯರ್ಸ್. ಮಾತುಬಲ್ಲ ಮಕ್ಕಳು ಹೆಚ್ಚಿದ್ದು, ವರ್ಷಕ್ಕೊಂದು ಕಿಟ್ಟಿನ ಖರ್ಚು ಹೊರಬಲ್ಲ ಶಾಲೆಗೆ ಲೆಗೊ ಲೀಗ್, ಅದೂ ಎಂಟು ಒಂಬತ್ತನೇ ತರಗತಿಯವರಿಗೆ. ಪ್ರೋಗ್ರಾಂ ಹುಚ್ಚಿರುವ ಮೂರೇ ಮಂದಿ ಇದ್ದರೆ ರೋಬೋಮಿಷನ್. ಟೆಕ್ ಚಾಲೆಂಜ್‌ಗೆ ಮೊದಲು ಖಾಯಂ ಕೋಣೆ, ಆಮೇಲೆ ಹಣ; ಕೋಣೆ ಸಿಗದಿದ್ದರೆ ಹಣ ಸಿಕ್ಕರೂ ಬೇಡ. ಯಾವುದಕ್ಕೆ ಹಣ ಬಂದರೂ ಮೂರನೇ ಒಂದು ಭಾಗವನ್ನು ಮುಂದಿನ ಜೂನ್‌ಗೆಂದು ಬೇರೆ ಖಾತೆಯಲ್ಲಿ ಎತ್ತಿಡಿ. ದಾನಿಗಳಿಗೆ ಇದನ್ನು ಮೊದಲೇ ತಿಳಿಸಿ, ಇಲ್ಲದಿದ್ದರೆ ಹಣ ಉಳಿಸಿದ್ದೀರಿ ಎಂದು ಮರುವರ್ಷ ಕಡಿತ ಮಾಡುವವರೂ ಇದ್ದಾರೆ.

ಖರೀದಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ. ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆಗೆ ಇಳಿದು ನಡೆದರಾಯಿತು. ಭಾನುವಾರ ಹೋದರೆ ಬಹುಪಾಲು ಅಂಗಡಿಗಳ ಷಟರ್ ಎಳೆದಿರುತ್ತದೆ. ಪಟ್ಟಿ ಮಕ್ಕಳ ಕೈಯಲ್ಲಿರಲಿ, ಚೌಕಾಶಿಯೂ ಅವರೇ ಮಾಡಲಿ. ಬಿಲ್ಲು ಮಾತ್ರ ಶಾಲೆಯ ಹೆಸರಿನಲ್ಲಿ ಬರೆಸಿ, ಅಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆ ಅಂಗಡಿಗಳ ರಸೀದಿಯ ಶಾಯಿ ಮಾರ್ಚ್ ಹೊತ್ತಿಗೆ ಮಾಸಿಹೋಗಿರುತ್ತದೆ.